ಆರು ಲಕ್ಷ ಮಕ್ಕಳನ್ನು ಕೇಳಿದ ಜೇಮ್ಸ್ ಕೋಲ್ಮನ್

ನನ್ನ ಬಿ.ಎಡ್. ನೋಟ್ಸಿನಲ್ಲಿ ಕೋಲ್ಮನ್ ವರದಿಗೆ ಸಿಕ್ಕಿರುವುದು ಮೂರೇ ಸಾಲು. 1966ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಸಮೀಕ್ಷೆ. ಮಕ್ಕಳ ಸಾಧನೆಯ ಮೇಲೆ ಶಾಲೆಗಿಂತ ಮನೆಯ ಪ್ರಭಾವವೇ ಹೆಚ್ಚು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅಭ್ಯಾಸ ಬೋಧನೆಗೆ ಹೊರಡುವ ಹಿಂದಿನ ವಾರ ಆ ಮೂರನೆಯ ಸಾಲನ್ನು ಮತ್ತೆ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಎಲ್ಲವೂ ಮನೆಯಲ್ಲೇ ತೀರ್ಮಾನವಾಗುವುದಾದರೆ ಪಾಠ ಯೋಜನೆ ಬರೆದು, ಚಾರ್ಟು ಸುತ್ತಿಕೊಂಡು, ಬಸ್ಸು ಹಿಡಿದು ನಾವು ಶಾಲೆಗೆ ಹೋಗುವುದು ಯಾತಕ್ಕೆ?

ಶಾಲೆಗೆ ಹೋದ ಮೇಲೆ ಆ ಕಸಿವಿಸಿ ಹೆಚ್ಚೇ ಆಯಿತು. ಎಂಟನೆಯ ತರಗತಿಗೆ ಬಲ ಮತ್ತು ಒತ್ತಡ ಪಾಠದ ಮೇಲೆ ನೈದಾನಿಕ ಪರೀಕ್ಷೆ ಕೊಟ್ಟೆ. ಉತ್ತರ ಪತ್ರಿಕೆಗಳು ಎರಡು ರಾಶಿಯಾದವು. ಒಂದು ರಾಶಿಯ ಮಕ್ಕಳು ಹೆಚ್ಚುಕಡಿಮೆ ಎಲ್ಲವನ್ನೂ ಬರೆದಿದ್ದರು, ಇನ್ನೊಂದು ರಾಶಿಯವರು ಏನನ್ನೂ ಬರೆದಿರಲಿಲ್ಲ. ನಡುವೆ ಇದ್ದವರು ಬೆರಳೆಣಿಕೆಯಷ್ಟು. ನಮ್ಮ ವಿಧಾನ ಬೋಧಕರು, ಕಾರಣ ಊಹಿಸಬೇಡಿ, ಮಕ್ಕಳನ್ನೇ ಕೇಳಿ ಎಂದರು. ಕ್ರಿಯಾ ಸಂಶೋಧನೆಗೆಂದು ಒಂದು ಪ್ರಶ್ನಾವಳಿ ಮಾಡಿದೆ. ಮನೆಯಲ್ಲಿ ಟಿ.ವಿ. ಇದೆಯೇ, ಫ್ರಿಜ್ ಇದೆಯೇ, ಓದಲು ಮೇಜು ಇದೆಯೇ, ಅಪ್ಪ ಎಷ್ಟು ಓದಿದ್ದಾರೆ, ಟ್ಯೂಷನ್‌ಗೆ ಹೋಗುತ್ತೀಯಾ ಎಂದೆಲ್ಲ. ಈ ಪ್ರಶ್ನೆಗಳನ್ನು ನಾನೇ ಯೋಚಿಸಿ ಬರೆದೆ ಅಂದುಕೊಂಡಿದ್ದೆ. ಆಮೇಲೆ ಗ್ರಂಥಾಲಯದಲ್ಲಿ ಕೂತು ಕೋಲ್ಮನ್ ಬಗ್ಗೆ ಓದಿದಾಗ ಗೊತ್ತಾಯಿತು, ಇದೇ ಬಗೆಯ ಪ್ರಶ್ನೆಗಳನ್ನು ಅವರು 1965ರಲ್ಲೇ ಕೇಳಿ ಮುಗಿಸಿದ್ದರು. ಅವರ ಬದುಕನ್ನು ಇಲ್ಲಿ ಬರೆಯುತ್ತಿರುವುದು ಆ ಮೂರನೆಯ ಸಾಲಿನ ಹಿಂದೆ ಏನಿತ್ತು ಎಂದು ನನಗೇ ತಿಳಿಯಬೇಕಾಗಿದ್ದರಿಂದ.

ಜೇಮ್ಸ್ ಸ್ಯಾಮ್ಯುಯೆಲ್ ಕೋಲ್ಮನ್ ಹುಟ್ಟಿದ್ದು 1926ರ ಮೇ 12ರಂದು, ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬ ಊರಿನಲ್ಲಿ. ಪ್ರೌಢಶಾಲೆ ಓದಿದ್ದು ಕೆಂಟಕಿಯ ಲೂಯಿವಿಲ್ ನಗರದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ನೌಕಾಪಡೆಯಲ್ಲಿದ್ದರು. ನಂತರ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ 1949ರಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪದವಿ ಪಡೆದು, ಕೊಡಾಕ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿ ಕೆಲಸಕ್ಕೆ ಸೇರಿದರು. ಬಿ.ಎಸ್ಸಿ. ಮಾಡಿ ಬಂದ ನನಗೆ ಇದು ಹಿಡಿಸಿತು. ಶಿಕ್ಷಣದ ಸಮಾಜಶಾಸ್ತ್ರದಲ್ಲಿ ಇಷ್ಟು ದೊಡ್ಡ ಹೆಸರು ಮಾಡಿದವರು ಮೊದಲು ನಿಂತಿದ್ದು ಪ್ರಯೋಗಾಲಯದಲ್ಲಿ.

ಆ ನೌಕರಿಯಲ್ಲಿ ಅವರು ಹೆಚ್ಚು ಕಾಲ ಇರಲಿಲ್ಲ. 1951ರಲ್ಲಿ ಅದನ್ನು ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಲು ಹೋದರು. ಅಲ್ಲಿ ರಾಬರ್ಟ್ ಮರ್ಟನ್ ಇದ್ದರು, ಪಾಲ್ ಲಾಜರ್ಸ್‌ಫೆಲ್ಡ್ ಇದ್ದರು. ಲಾಜರ್ಸ್‌ಫೆಲ್ಡ್ ವಿಯೆನ್ನಾದಿಂದ ಬಂದ ಗಣಿತಜ್ಞ. ಜನರನ್ನು ಪ್ರಶ್ನೆ ಕೇಳಿ, ಅವರ ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸಿ, ಅದರಿಂದ ಸಮಾಜವನ್ನು ಓದುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಕೋಲ್ಮನ್ 1955ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕೆಲವು ವರ್ಷ ಷಿಕಾಗೊ, 1959ರಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ.

ಅವರ ಮೊದಲ ದೊಡ್ಡ ಶಾಲಾ ಸಮೀಕ್ಷೆ ನಡೆದದ್ದು ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳಲ್ಲಿ. ಅದರ ಫಲ 1961ರಲ್ಲಿ ಬಂದ ದಿ ಅಡಾಲಸೆಂಟ್ ಸೊಸೈಟಿ ಎಂಬ ಪುಸ್ತಕ. ಅದರಲ್ಲಿ ಹುಡುಗರಿಗೆ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಶಾಲೆ ಬಿಟ್ಟ ಮೇಲೆ ನಿನ್ನನ್ನು ಯಾವ ರೀತಿ ನೆನಪಿಟ್ಟುಕೊಳ್ಳಬೇಕು: ಓದಿನಲ್ಲಿ ಜಾಣನೆಂದೋ, ಆಟದ ಮೈದಾನದ ತಾರೆಯೆಂದೋ, ಎಲ್ಲರಿಗೂ ಬೇಕಾದವನೆಂದೋ? ಹೆಚ್ಚು ಹುಡುಗರು ಆರಿಸಿದ್ದು ಮೈದಾನವನ್ನು. ಕೋಲ್ಮನ್ ಅಷ್ಟಕ್ಕೆ ನಿಲ್ಲಲಿಲ್ಲ. ಗೆಳೆಯರ ಗುಂಪಿನಲ್ಲಿ ಓದಿಗೆ ಬೆಲೆಯಿಲ್ಲದ ಶಾಲೆಗಳಲ್ಲಿ ಹೆಚ್ಚು ಅಂಕ ತೆಗೆದವರು ಯಾರು ಎಂದು ನೋಡಿದರು. ಅವರು ಆ ಶಾಲೆಯ ಅತ್ಯಂತ ಬುದ್ಧಿವಂತ ಮಕ್ಕಳಾಗಿರಲಿಲ್ಲ. ಅತ್ಯಂತ ಬುದ್ಧಿವಂತರು ತಮ್ಮ ಶಕ್ತಿಯನ್ನು ಗೆಳೆಯರು ಮೆಚ್ಚುವ ಕಡೆಗೆ ಹಾಕಿದ್ದರು. ಅಂಕಪಟ್ಟಿಯನ್ನು ಎಷ್ಟು ಹೊತ್ತು ನೋಡಿದರೂ ಇದು ಕಾಣುತ್ತಿರಲಿಲ್ಲ. ಪ್ರಶ್ನಾವಳಿಯ ಉತ್ತರವನ್ನು ಅಂಕದ ಪಕ್ಕದಲ್ಲಿಟ್ಟಾಗ ಕಂಡಿತು.

ಇನ್ನೊಂದು ವಿಷಯ ಮುಂದಿನ ಕಥೆಗೆ ಬೇಕು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಬಾಲ್ಟಿಮೋರ್ ಹೊರವಲಯದಲ್ಲಿ ಗ್ವಿನ್ ಓಕ್ ಎಂಬ ಮನರಂಜನಾ ಉದ್ಯಾನವಿತ್ತು. ಅಲ್ಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. 1963ರ ಜುಲೈನಲ್ಲಿ ಅದರ ವಿರುದ್ಧ ನಡೆದ ಪ್ರತಿಭಟನೆಗೆ ಕೋಲ್ಮನ್ ತಮ್ಮ ಕುಟುಂಬದೊಂದಿಗೆ ಹೋಗಿ ಬಂಧನಕ್ಕೊಳಗಾದರು.

ಮರುವರ್ಷ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದರ 402ನೆಯ ಕಲಮು, ಜನಾಂಗ, ಬಣ್ಣ, ಧರ್ಮ, ಮೂಲದೇಶದ ಕಾರಣದಿಂದ ಸಾರ್ವಜನಿಕ ಶಿಕ್ಷಣದಲ್ಲಿ ಯಾರಿಗೆ ಸಮಾನ ಅವಕಾಶ ಸಿಗುತ್ತಿಲ್ಲ ಎಂಬುದನ್ನು ಸಮೀಕ್ಷೆ ಮಾಡಿ ಎರಡು ವರ್ಷದೊಳಗೆ ವರದಿ ಕೊಡಬೇಕೆಂದು ಶಿಕ್ಷಣ ಆಯುಕ್ತರಿಗೆ ಆದೇಶಿಸಿತು. ಆ ಕೆಲಸದ ಮುಂದಾಳತ್ವ ಕೋಲ್ಮನ್ ಪಾಲಿಗೆ ಬಂತು. ಸಮಾನ ಅವಕಾಶ ಎಂದರೇನು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿರಲಿಲ್ಲ. ಶಾಲೆಗೆ ಕೊಟ್ಟ ಹಣ, ಕಟ್ಟಡ, ಪುಸ್ತಕ, ಶಿಕ್ಷಕರನ್ನು ಎಣಿಸಿ ವರದಿ ಮುಗಿಸಬಹುದಿತ್ತು. ಕೋಲ್ಮನ್ ತಂಡ ಅವನ್ನೆಲ್ಲ ಎಣಿಸಿತು, ಜೊತೆಗೆ ಮಕ್ಕಳು ಕೊನೆಗೆ ಕಲಿತದ್ದೆಷ್ಟು ಎಂದೂ ಅಳೆಯಿತು. ಅವಕಾಶ ಸಿಕ್ಕಿದೆಯೇ ಎಂಬುದನ್ನು ಕೊಟ್ಟದ್ದರಿಂದ ಮಾತ್ರವಲ್ಲ, ಮಗುವಿಗೆ ದಕ್ಕಿದ್ದರಿಂದಲೂ ನೋಡಬೇಕು ಎಂಬ ನಿಲುವು ಅದು. ನನ್ನ ಮಟ್ಟಿಗೆ ಅವರ ಇಡೀ ಕೆಲಸದಲ್ಲಿ ದೊಡ್ಡದು ಇದೇ.

1965ರ ಶರತ್ಕಾಲದಲ್ಲಿ ಸಮೀಕ್ಷೆ ನಡೆಯಿತು. ಸುಮಾರು 4,000 ಶಾಲೆಗಳು, ಆರು ಲಕ್ಷದಷ್ಟು ಮಕ್ಕಳು, ಹತ್ತಾರು ಸಾವಿರ ಶಿಕ್ಷಕರು. 1, 3, 6, 9 ಮತ್ತು 12ನೆಯ ತರಗತಿಗಳು. ಪರೀಕ್ಷೆಯ ಜೊತೆಗೆ ಪ್ರಶ್ನಾವಳಿ: ಮನೆಯಲ್ಲಿ ದಿನಪತ್ರಿಕೆ ಬರುತ್ತದೆಯೇ, ವಿಶ್ವಕೋಶವಿದೆಯೇ, ಫ್ರಿಜ್, ಟೆಲಿಫೋನ್ ಇವೆಯೇ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಒಡಹುಟ್ಟಿದವರು ಎಷ್ಟು ಜನ. ಇವುಗಳ ನಡುವೆ ಬೇರೆ ಜಾತಿಯ ಮೂರು ಹೇಳಿಕೆಗಳೂ ಇದ್ದವು, ಮಕ್ಕಳು ಒಪ್ಪುತ್ತಾರೋ ಇಲ್ಲವೋ ಗುರುತು ಹಾಕಬೇಕು. ಮೊದಲನೆಯದು, ಮುಂದೆ ಬರಲು ದುಡಿಮೆಗಿಂತ ಅದೃಷ್ಟವೇ ಮುಖ್ಯ ಎಂಬ ಅರ್ಥದ್ದು. ಎರಡನೆಯದು, ನಾನು ಮುಂದೆ ಹೋಗಲು ಯತ್ನಿಸಿದಾಗಲೆಲ್ಲ ಯಾವುದೋ ಅಥವಾ ಯಾರೋ ತಡೆಯುತ್ತಾರೆ ಎಂಬುದು. ಮೂರನೆಯದು, ನಮ್ಮಂಥವರಿಗೆ ಗೆಲ್ಲುವ ಅವಕಾಶ ಹೆಚ್ಚಿಲ್ಲ ಎಂಬುದು.

ಕೆಲಸ ಶುರುವಾದಾಗ ಕಪ್ಪು ಮಕ್ಕಳ ಶಾಲೆಗಳಿಗೂ ಬಿಳಿಯ ಮಕ್ಕಳ ಶಾಲೆಗಳಿಗೂ ಸೌಲಭ್ಯದಲ್ಲಿ ಭಾರೀ ಅಂತರ ಕಾಣುತ್ತದೆಂದು ಎಲ್ಲರೂ ನಿರೀಕ್ಷಿಸಿದ್ದರು. ಕೋಲ್ಮನ್ ಅವರೂ ಹಾಗೆಯೇ ನಂಬಿದ್ದರು. 1966ರ ಜುಲೈ ಆರಂಭದಲ್ಲಿ, ಅವರ ಸ್ವಾತಂತ್ರ್ಯ ದಿನದ ರಜೆಯ ಆಸುಪಾಸಿನಲ್ಲಿ, ಏಳುನೂರಕ್ಕೂ ಹೆಚ್ಚು ಪುಟಗಳ ವರದಿ ಹೊರಬಂತು. ಸೌಲಭ್ಯಗಳ ಅಂತರ ಇತ್ತು, ಆದರೆ ಎಣಿಸಿದ್ದಕ್ಕಿಂತ ಕಡಿಮೆ. ಸಾಧನೆಯ ಅಂತರ ಮಾತ್ರ ದೊಡ್ಡದಿತ್ತು. ಮಕ್ಕಳ ಅಂಕಗಳಲ್ಲಿರುವ ಒಟ್ಟು ವ್ಯತ್ಯಾಸದಲ್ಲಿ ಶಾಲೆ ಶಾಲೆಗಳ ನಡುವಿನದು ಸರಿಸುಮಾರು ಶೇ. 10ರಿಂದ 20. ಉಳಿದದ್ದೆಲ್ಲ ಒಂದೇ ಶಾಲೆಯ ಒಳಗೆ, ನನ್ನ ಎರಡು ರಾಶಿಗಳ ಹಾಗೆ. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಕಟ್ಟಡ, ಪ್ರಯೋಗಾಲಯ, ಖರ್ಚು ಇವೆಲ್ಲ ವಿವರಿಸುವುದು ಸ್ವಲ್ಪವೇ ಉಳಿಯಿತು. ನೋಟ್ಸಿನ ಮೂರನೆಯ ಸಾಲು ಹುಟ್ಟಿದ್ದು ಇಲ್ಲಿ.

ಆದರೆ ವರದಿ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ನೋಟ್ಸಿಗೆ ಬಾರದ ಮಾತುಗಳು ಅದರಲ್ಲಿವೆ. ಶಿಕ್ಷಕರ ಗುಣಮಟ್ಟ, ವಿಶೇಷವಾಗಿ ಅವರ ಭಾಷಾ ಸಾಮರ್ಥ್ಯ, ಕಟ್ಟಡ ಮತ್ತು ಪಠ್ಯಕ್ರಮಕ್ಕಿಂತ ಹೆಚ್ಚು ಸಂಬಂಧ ತೋರಿಸಿತು. ಅದೂ ಹಿಂದುಳಿದ ಗುಂಪಿನ ಮಕ್ಕಳಲ್ಲಿ ಹೆಚ್ಚಾಗಿ. ಅನುಕೂಲಸ್ಥರ ಮಗುವಿಗೆ ಶಿಕ್ಷಕರು ಯಾರಾದರೂ ಹೇಗೋ ನಡೆಯುತ್ತದೆ, ಇಲ್ಲದವರ ಮಗುವಿಗೆ ಹಾಗಲ್ಲ. ಕಪ್ಪು ಮಕ್ಕಳಲ್ಲಿ ಓದುವ ಆಸೆಯಾಗಲಿ, ತಮ್ಮ ಬುದ್ಧಿಯ ಮೇಲಿನ ನಂಬಿಕೆಯಾಗಲಿ ಕಡಿಮೆ ಇರಲಿಲ್ಲ ಎಂಬುದೂ ಆ ಉತ್ತರಗಳಲ್ಲೇ ಇತ್ತು. ಆ ಮಕ್ಕಳಿಗೆ ಆಸಕ್ತಿಯೇ ಇಲ್ಲ ಬಿಡಿ ಎಂಬ ಮಾತನ್ನು ನಾವೂ ಕೇಳುತ್ತೇವಲ್ಲ, ಅದಕ್ಕೆ ಮಕ್ಕಳೇ ಕೊಟ್ಟ ಉತ್ತರ ಎಂದುಕೊಂಡೆ. ಅವರಲ್ಲಿ ಕಡಿಮೆ ಇದ್ದದ್ದು ಆ ಮೂರು ಹೇಳಿಕೆಗಳು ಅಳೆಯುತ್ತಿದ್ದ ಸಂಗತಿ, ಅಂದರೆ ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವನೆ. ಅದು ಸಾಧನೆಯೊಂದಿಗೆ ತೋರಿದ ಸಂಬಂಧ, ಶಾಲೆಯ ಎಲ್ಲ ಅಂಶಗಳನ್ನೂ ಒಟ್ಟುಗೂಡಿಸಿದರೂ ಅದಕ್ಕಿಂತ ಬಲವಾಗಿತ್ತು. ಇಲ್ಲಿ ಒಂದು ತೊಡಕಿದೆ. ನಂಬಿಕೆ ಇದ್ದುದರಿಂದ ಅಂಕ ಬಂತೋ, ಅಂಕ ಬಂದುದರಿಂದ ನಂಬಿಕೆ ಹುಟ್ಟಿತೋ? ಒಂದೇ ಬಾರಿ ಕೇಳಿದ ಸಮೀಕ್ಷೆ ಇದನ್ನು ಬಿಡಿಸಲಾರದು.

ಅಂತರವನ್ನು ಅಳೆಯುವುದರ ಬಗ್ಗೆ ವರದಿಯಲ್ಲಿರುವ ಒಂದು ಲೆಕ್ಕ ನನ್ನನ್ನು ಎರಡು ದಿನ ಹಿಡಿದಿಟ್ಟಿತು. ಈಶಾನ್ಯ ಭಾಗದ ಮಹಾನಗರಗಳಲ್ಲಿ ಭಾಷಾ ಸಾಮರ್ಥ್ಯದಲ್ಲಿ ಕಪ್ಪು ಮಕ್ಕಳು ಬಿಳಿಯ ಮಕ್ಕಳಿಗಿಂತ 6ನೆಯ ತರಗತಿಯಲ್ಲಿ 1.6 ವರ್ಷ, 9ರಲ್ಲಿ 2.4 ವರ್ಷ, 12ರಲ್ಲಿ 3.3 ವರ್ಷ ಹಿಂದೆ ಇದ್ದರು. ಓದಿದ ಕೂಡಲೇ ಅಂತರ ಇಮ್ಮಡಿಯಾಯಿತು ಎನ್ನಬೇಕೆನಿಸುತ್ತದೆ. ಆದರೆ ಮಾನಕ ವಿಚಲನೆಯಲ್ಲಿ ನೋಡಿದರೆ ಮೂರೂ ತರಗತಿಗಳಲ್ಲಿ ಅಂತರ ಒಂದೇ, ಸುಮಾರು 1.1. ಎರಡೂ ನಿಜ. ಚಿಕ್ಕ ತರಗತಿಗಳಲ್ಲಿ ಮಗು ಒಂದು ವರ್ಷಕ್ಕೆ ಏರುವ ಮೆಟ್ಟಿಲು ದೊಡ್ಡದು. ಮೇಲೆ ಹೋದಂತೆ, ಮಕ್ಕಳ ನಡುವಿನ ಹರವಿಗೆ ಹೋಲಿಸಿದರೆ, ಒಂದು ವರ್ಷದ ಮೆಟ್ಟಿಲು ಚಿಕ್ಕದಾಗುತ್ತದೆ. ರಸ್ತೆಯಲ್ಲಿ ಮುಂದೆ ಹೋದಂತೆ ಕಲ್ಲುಗಳನ್ನು ಹತ್ತಿರ ಹತ್ತಿರ ನೆಟ್ಟರೆ, ನಡೆಯುವ ಇಬ್ಬರ ನಡುವಿನ ದೂರ ಅಷ್ಟೇ ಇದ್ದರೂ ನಡುವಿನ ಕಲ್ಲುಗಳು ಹೆಚ್ಚುತ್ತವಲ್ಲ, ಹಾಗೆ. ಮಾನಕ ವಿಚಲನೆಯನ್ನು ಸೂತ್ರಕ್ಕೆ ಹಾಕಿ ಉತ್ತರ ತೆಗೆದದ್ದು ಎಷ್ಟೋ ಸಲ, ಅದು ಇಂಥ ಕಡೆ ಬೇಕಾಗುತ್ತದೆಂದು ತಿಳಿದದ್ದು ಈಗ. ಇನ್ನೊಂದು ಎಚ್ಚರಿಕೆಯೂ ಇದೆ. ಆ 6, 9, 12ನೆಯ ತರಗತಿಯವರು ಬೇರೆ ಬೇರೆ ಮಕ್ಕಳು. ಅದೇ ಮಕ್ಕಳು ಬೆಳೆದದ್ದನ್ನು ಹಿಂಬಾಲಿಸಿ ನೋಡಿದ್ದಲ್ಲ. ನಡುವೆ ಶಾಲೆ ಬಿಟ್ಟವರು 12ರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಟೀಕೆಗಳು ಬಂದವು, ಬರಬೇಕಾದವೇ. ಎಷ್ಟೋ ಶಾಲೆಗಳು ಸಮೀಕ್ಷೆಗೆ ಸಹಕರಿಸಿರಲಿಲ್ಲ. ಅಪ್ಪನ ಓದಿನ ಬಗ್ಗೆ ಮಗು ಕೊಡುವ ಉತ್ತರವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಎದ್ದಿತು. 1968ರಲ್ಲಿ ಸ್ಯಾಮ್ಯುಯೆಲ್ ಬೋಲ್ಸ್ ಮತ್ತು ಹೆನ್ರಿ ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕದ ಕ್ರಮವನ್ನೇ ಹಿಡಿದರು. ಒಳ್ಳೆಯ ಮನೆಯ ಮಕ್ಕಳು ಒಳ್ಳೆಯ ಶಾಲೆಗೇ ಹೋಗುತ್ತಾರೆ, ಎರಡೂ ಹೆಣೆದುಕೊಂಡಿರುತ್ತವೆ. ಲೆಕ್ಕದಲ್ಲಿ ಮನೆಯನ್ನು ಮೊದಲು ಸೇರಿಸಿದರೆ ಇಬ್ಬರಿಗೂ ಸೇರಿದ ಪಾಲು ಮನೆಗೇ ಹೋಗುತ್ತದೆ. ಇಬ್ಬರು ಸೇರಿ ಬಾವಿಯಿಂದ ಒಂದು ಕೊಡ ನೀರು ಸೇದಿದಾಗ, ಮೊದಲು ಹೆಸರು ಬರೆಸಿದವರ ಖಾತೆಗೆ ಇಡೀ ಕೊಡ ಹಾಕಿದಂತೆ. ಹಾರ್ವರ್ಡ್‌ನಲ್ಲಿ ಇದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಲು ಒಂದು ವಿಚಾರಗೋಷ್ಠಿಯೇ ನಡೆಯಿತು. ಅದರ ಪುಸ್ತಕ 1972ರಲ್ಲಿ ಬಂತು. ಮುಖ್ಯ ಫಲಿತಾಂಶ ಬಹುಮಟ್ಟಿಗೆ ಉಳಿಯಿತು. ಆದರೂ ಬೋಲ್ಸ್ ಮತ್ತು ಲೆವಿನ್ ಎತ್ತಿದ ಆಕ್ಷೇಪ ನನಗೆ ಸರಿಯೆನಿಸುತ್ತದೆ. ಇದ್ದ ಶಾಲೆಗಳು ಮನೆಯ ಹಿಡಿತವನ್ನು ಸಡಿಲಿಸಿರಲಿಲ್ಲ ಎಂಬುದು ಒಂದು ಮಾತು, ಶಾಲೆಯಿಂದ ಏನೂ ಆಗದು ಎಂಬುದು ಇನ್ನೊಂದು ಮಾತು. ಕೋಲ್ಮನ್ ಅಳೆದದ್ದು ಮೊದಲನೆಯದನ್ನು. ನಮ್ಮ ನೋಟ್ಸು ಹೇಳುತ್ತಿರುವುದು ಎರಡನೆಯದನ್ನು.

ವರದಿಯ ಇನ್ನೊಂದು ಅಂಶವನ್ನು ನ್ಯಾಯಾಲಯಗಳಲ್ಲಿ, ಆಡಳಿತದಲ್ಲಿ ಬಳಸಿಕೊಂಡರು. ಅನುಕೂಲವಿರುವ ಮನೆಗಳ ಸಹಪಾಠಿಗಳ ಜೊತೆ ಓದಿದಾಗ ಬಡ ಮಕ್ಕಳ ಸಾಧನೆ ಹೆಚ್ಚಿರುತ್ತದೆ ಎಂಬ ಅಂಶ ಅದು. ಜನಾಂಗಗಳನ್ನು ಬೆರೆಸಲು ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗೆ ಕಳಿಸುವ ವ್ಯವಸ್ಥೆಗೆ ಅದು ಆಧಾರವಾಯಿತು. 1973ರಲ್ಲಿ ಕೋಲ್ಮನ್ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಮರಳಿದರು. ಎರಡು ವರ್ಷದ ನಂತರ ಇನ್ನಿಬ್ಬರೊಂದಿಗೆ 1968ರಿಂದ 1973ರವರೆಗಿನ ಶಾಲಾ ದಾಖಲಾತಿಯ ಅಂಕಿಅಂಶ ನೋಡಿ, ದೊಡ್ಡ ನಗರಗಳಲ್ಲಿ ಹೀಗೆ ಬೆರೆಸಿದಾಗ ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೊರಟುಹೋಗುತ್ತಿವೆ, ಉದ್ದೇಶವೇ ಕೆಡುತ್ತಿದೆ ಎಂದು ಬರೆದರು. ಹತ್ತು ವರ್ಷ ಅವರನ್ನು ಹೊಗಳಿದವರೇ ತಿರುಗಿಬಿದ್ದರು. ಅಮೆರಿಕದ ಸಮಾಜಶಾಸ್ತ್ರ ಸಂಘದ ಆಗಿನ ಅಧ್ಯಕ್ಷರು ಅವರಿಗೆ ಛೀಮಾರಿ ಹಾಕಿಸಲು ಯತ್ನಿಸಿದರು. 1976ರ ಸಮ್ಮೇಳನದಲ್ಲಿ ಕೋಲ್ಮನ್ ಹೆಸರಿನ ಜೊತೆ ನಾಜಿ ಗುರುತು ಬರೆದ ಭಿತ್ತಿಪತ್ರಗಳು ಕಾಣಿಸಿಕೊಂಡವು. ಗ್ವಿನ್ ಓಕ್‌ನಲ್ಲಿ ಮನೆಮಂದಿಯೊಂದಿಗೆ ಬಂಧನಕ್ಕೊಳಗಾದ ಮನುಷ್ಯ ಇವರೇ. ಅವರ ಅಧ್ಯಯನದ ವಿಧಾನದ ಬಗ್ಗೆ ವಾದ ಮಾಡಲು ಜಾಗವಿತ್ತು, ಹಲವರು ಮಾಡಿದರು ಕೂಡ. ಭಿತ್ತಿಪತ್ರ ಅದಕ್ಕೆ ಉತ್ತರವಲ್ಲ. ಛೀಮಾರಿಯ ಯತ್ನ ಫಲಿಸಲಿಲ್ಲ. ಹದಿನೈದು ವರ್ಷದ ನಂತರ ಅದೇ ಸಂಘ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು.

1980ರಲ್ಲಿ ಹೈಸ್ಕೂಲ್ ಅಂಡ್ ಬಿಯಾಂಡ್ ಎಂಬ ಹೊಸ ರಾಷ್ಟ್ರೀಯ ಸಮೀಕ್ಷೆ ಶುರುವಾಯಿತು. ಇದರಲ್ಲಿ 1965ರ ಕೊರತೆಯೊಂದು ನೀಗಿತು. ಅವೇ ವಿದ್ಯಾರ್ಥಿಗಳನ್ನು ಎರಡು ವರ್ಷದ ನಂತರ ಮತ್ತೆ ಕೇಳಿ, ಮತ್ತೆ ಪರೀಕ್ಷಿಸಿದರು. ಪ್ರಗತಿ ಎಂಬ ಮಾತಿಗೆ ಆಗ ಅರ್ಥ ಬಂತು. ಕೋಲ್ಮನ್ ಮತ್ತು ಸಂಗಡಿಗರು ಈ ದತ್ತಾಂಶದಿಂದ, ಕ್ಯಾಥೊಲಿಕ್ ಶಾಲೆಗಳ ಮಕ್ಕಳು ಹೆಚ್ಚು ಕಲಿಯುತ್ತಾರೆ, ಶಾಲೆ ಬಿಡುವವರೂ ಅಲ್ಲಿ ಕಡಿಮೆ ಎಂದರು. ಮತ್ತೆ ಗದ್ದಲ. ಅದರ ವಿವರಕ್ಕೆ ಹೋಗುವುದಿಲ್ಲ. ಆದರೆ ಶಾಲೆಯಿಂದ ವ್ಯತ್ಯಾಸವಾಗದು ಎಂಬ ಮಾತಿಗೆ ಯಾರ ಹೆಸರು ಅಂಟಿಕೊಂಡಿತ್ತೋ ಅವರೇ, ಕೆಲವು ಬಗೆಯ ಶಾಲೆಗಳಿಂದ ವ್ಯತ್ಯಾಸವಾಗುತ್ತದೆ ಎಂದು ಬರೆದರು. ಕಾರಣವನ್ನು ಅವರು ಹುಡುಕಿದ್ದು ಮಗುವಿನ ಸುತ್ತ ಇರುವ ದೊಡ್ಡವರ ನಂಟಿನಲ್ಲಿ. 1988ರ ಲೇಖನದಲ್ಲಿ ಇದನ್ನು ಸಾಮಾಜಿಕ ಬಂಡವಾಳ ಎಂದು ಕರೆದರು. ಅದರಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಪಠ್ಯಪುಸ್ತಕಗಳನ್ನು ಪೋಷಕರೇ ಕೊಳ್ಳಬೇಕಾದ ಒಂದು ಕಡೆ, ಏಷ್ಯಾದಿಂದ ವಲಸೆ ಬಂದ ಕೆಲವು ಕುಟುಂಬಗಳು ಪ್ರತಿ ಪುಸ್ತಕದ ಎರಡೆರಡು ಪ್ರತಿ ಕೊಳ್ಳುತ್ತಿದ್ದವು. ಶಾಲೆಯವರಿಗೆ ಆಶ್ಚರ್ಯ. ವಿಚಾರಿಸಿದರೆ ಎರಡನೆಯ ಪ್ರತಿ ತಾಯಿಗೆ, ಆಕೆ ಓದಿಕೊಂಡು ಮಗುವಿಗೆ ಹೇಳಿಕೊಡಲು. ಇಂಥ ಮನೆ ಫ್ರಿಜ್ ಇದೆಯೇ ಎಂಬ ಪ್ರಶ್ನೆಯಲ್ಲಿ ಕಾಣುವುದಿಲ್ಲ. ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಎಂಬ ಪ್ರಶ್ನೆಯಲ್ಲೂ ಕಾಣದೆ ಹೋಗಬಹುದು.

ಕೋಲ್ಮನ್ 1995ರ ಮಾರ್ಚ್ 25ರಂದು ಷಿಕಾಗೊದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 68 ವರ್ಷ ವಯಸ್ಸಾಗಿತ್ತು. ನಾನಿನ್ನೂ ಹುಟ್ಟಿರಲಿಲ್ಲ.

ಇನ್ನು ನನ್ನ ಪ್ರಶ್ನಾವಳಿಯ ವಿಷಯ. ಅದನ್ನು ತುಂಬಿಸಿದ ದಿನ ಒಬ್ಬ ಹುಡುಗ ಫ್ರಿಜ್ ಇದೆ ಎಂದು ಬರೆದಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ಟೀಚರ್, ಅದು ಪಕ್ಕದ ಮನೆಯವರದ್ದು, ನಮ್ಮದಲ್ಲ ಎಂದ. ಬೆಂಚಿನಲ್ಲಿ ಜೊತೆಗಿದ್ದವನು ಇಣುಕುತ್ತಿದ್ದನಂತೆ. ಆ ಹಾಳೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಸ್ತುಗಳ ಪಟ್ಟಿಯನ್ನು ತೆಗೆದು, ಎರಡು ಪ್ರಶ್ನೆ ಮಾತ್ರ ಇಟ್ಟು, ಮಕ್ಕಳನ್ನು ದೂರ ದೂರ ಕೂರಿಸಿ ಮತ್ತೆ ಕೊಟ್ಟೆ. ಪಾಠ ಅರ್ಥವಾಗದಿದ್ದರೆ ಯಾರನ್ನು ಕೇಳುತ್ತೀಯಾ? ಚೆನ್ನಾಗಿ ಓದಿದರೆ ವಿಜ್ಞಾನದಲ್ಲಿ ನಿನಗೆ ಅಂಕ ಬರುತ್ತದೆ ಅನ್ನಿಸುತ್ತದೆಯೇ? ಕಡಿಮೆ ಅಂಕದ ರಾಶಿಯಲ್ಲಿದ್ದ ಹೆಚ್ಚಿನವರು ಎರಡನೆಯದಕ್ಕೆ ಹೌದು ಎಂದೇ ಬರೆದಿದ್ದರು. ಖಾಲಿ ಬಿಟ್ಟದ್ದು ಮೊದಲನೆಯದನ್ನು.

ಆ ಮಕ್ಕಳನ್ನು ಕೊನೆಯ ಅವಧಿಯ ನಂತರ ನಿಲ್ಲಿಸಿಕೊಂಡು ಎಂಟು ದಿನ ಪರಿಹಾರ ಬೋಧನೆ ಮಾಡಿದೆ. ಮೊದಲ ಎರಡು ದಿನ ಹೋಗಿದ್ದು ಪಾಠಕ್ಕಲ್ಲ, ಪ್ರಶ್ನೆ ಕೇಳುವ ಅಭ್ಯಾಸಕ್ಕೆ. ನಿನ್ನೆ ಅದೇ ಮಟ್ಟದ ಇನ್ನೊಂದು ಪರೀಕ್ಷೆ ಕೊಟ್ಟಿದ್ದೇನೆ, ಅವೇ ಮಕ್ಕಳಿಗೆ. ಪತ್ರಿಕೆಗಳನ್ನು ಇನ್ನೂ ತಿದ್ದಿಲ್ಲ.